ಎಮು ಮತ್ತು ಕೆಂಪು ಕಾಂಗರೂ: ಮರಿಗಳನ್ನು ಉಳಿಸಿಕೊಳ್ಳುವ ಬಗೆಯಲ್ಲಿ ವ್ಯತ್ಯಾಸವೇನು?

ಪ್ರಶ್ನೆ

ನಮಸ್ಕಾರ. ಆಸ್ಟ್ರೇಲಿಯಾದ ರಾಷ್ಟ್ರಲಾಂಛನದಲ್ಲಿ ಎದುರುಬದುರಾಗಿ ನಿಂತಿರುವ ಎಮು ಮತ್ತು ಕೆಂಪು ಕಾಂಗರೂಗಳನ್ನು ನಮ್ಮ ಶಾಲೆಯ ವಿಜ್ಞಾನ ಸಂಘದ ಮಕ್ಕಳಿಗೆ ಹೋಲಿಸಿ ವಿವರಿಸಬೇಕೆಂದಿದ್ದೇನೆ. ಒಂದು ಪಕ್ಷಿ, ಇನ್ನೊಂದು ಹೊಟ್ಟೆಚೀಲವುಳ್ಳ ಸಸ್ತನಿ ಎಂಬುದು ಅವರಿಗೆ ತಿಳಿದೇ ಇದೆ. ಆದರೆ ಎರಡೂ ಅದೇ ಒಣ ಬಯಲಿನಲ್ಲಿ, ಯಾವಾಗ ಬರುವುದೆಂದು ಹೇಳಲಾಗದ ಮಳೆಯನ್ನು ನೆಚ್ಚಿಕೊಂಡು ಬದುಕುತ್ತವೆ. ಹೀಗಿರುವಾಗ ಮರಿಗಳನ್ನು ಬೆಳೆಸುವುದರಲ್ಲಿ ಅವು ಎಲ್ಲಿ ಬೇರೆಯಾಗುತ್ತವೆ?

ಉತ್ತರ 1

ಹೊರೆಯನ್ನು ಯಾರು ಹೊರುತ್ತಾರೆ, ಅದನ್ನು ನಡುವೆ ಇಳಿಸಲು ಸಾಧ್ಯವೇ ಎಂಬುದರಲ್ಲೇ ಮುಖ್ಯ ವ್ಯತ್ಯಾಸವಿದೆ. ಎಮುವಿನಲ್ಲಿ ಕಾವು ಕೂರುವುದು ಗಂಡು. ಕಡುಹಸಿರು ಬಣ್ಣದ, ಮುಟ್ಟಿದರೆ ತರಿತರಿಯಾಗಿರುವ, ಅರ್ಧ ಕಿಲೋಗ್ರಾಂನಷ್ಟು ತೂಗುವ ಮೊಟ್ಟೆಗಳ ಮೇಲೆ ಅದು ಸುಮಾರು 8 ವಾರ ಕೂರುತ್ತದೆ. ಆ ಅವಧಿಯಲ್ಲಿ ಬಹುಮಟ್ಟಿಗೆ ಏನನ್ನೂ ತಿನ್ನದೆ, ಮೊದಲೇ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಳ್ಳುತ್ತ, ಮೊಟ್ಟೆಗಳನ್ನು ಹೊರಳಿಸುವುದಕ್ಕಷ್ಟೇ ಎದ್ದು ಮತ್ತೆ ಕೂರುತ್ತದೆ. ಮರಿಗಳು ಹೊರಬಂದ ಮೇಲೂ ತಿಂಗಳುಗಟ್ಟಲೆ ಅವುಗಳನ್ನು ಕಾಯುವುದು ತಂದೆಯೇ.

ಕಾಂಗರೂವಿನಲ್ಲಿ ಎಲ್ಲವೂ ತಾಯಿಯದು, ಆದರೆ ಕಂತುಕಂತಾಗಿ. ಗರ್ಭ ಕೇವಲ 33 ದಿನ. ಹುಟ್ಟುವ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಅದು ತಾನೇ ತಾಯಿಯ ತುಪ್ಪಳ ಹಿಡಿದು ಹತ್ತಿ, ಚೀಲವನ್ನು ಸೇರಿ, ಮೊಲೆತೊಟ್ಟನ್ನು ಕಚ್ಚಿಕೊಂಡು ಸುಮಾರು 8 ತಿಂಗಳು ಚೀಲದಲ್ಲಿ ಬೆಳೆಯುತ್ತದೆ. ಹೆತ್ತ ಒಂದೆರಡು ದಿನಗಳಲ್ಲೇ ತಾಯಿ ಮತ್ತೆ ಕೂಡುತ್ತದೆ, ಆದರೆ ಹೊಸ ಭ್ರೂಣ ನೂರರಷ್ಟು ಜೀವಕೋಶಗಳ ಹಂತದಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಬರದಲ್ಲಿ ಚೀಲದ ಮರಿ ಸತ್ತರೆ ಕಾಯುತ್ತಿದ್ದ ಭ್ರೂಣ ಮತ್ತೆ ಬೆಳೆಯತೊಡಗುತ್ತದೆ. ಬರ ತೀರಾ ದೀರ್ಘವಾದರೆ ಸಂತಾನೋತ್ಪತ್ತಿಯೇ ನಿಲ್ಲುತ್ತದೆ. ಇನ್ನೂ ಸೋಜಿಗವೆಂದರೆ, ಚೀಲದಲ್ಲಿರುವ ಎಳೆಮರಿಗೆ ಒಂದು ತೊಟ್ಟಿನಲ್ಲಿ, ಹೊರಗೆ ಓಡಾಡುವ ಮರಿಗೆ ಇನ್ನೊಂದರಲ್ಲಿ, ಒಂದೇ ವೇಳೆಗೆ ಎರಡು ಬಗೆಯ ಹಾಲು ಬರುತ್ತದೆ. ಮಕ್ಕಳಿಗೆ ಇದನ್ನು ಖಂಡಿತವಾಗಿ ಹೇಳಿ.

ಉತ್ತರ 2

ಮೇಲಿನ ಉತ್ತರವನ್ನು ಓದಿದವರಿಗೆ ಎಮು ಬರಕ್ಕೆ ಸುಲಭವಾಗಿ ಸೋಲುತ್ತದೆ ಎನ್ನಿಸಬಹುದು, ಅದನ್ನು ನಾನು ಒಪ್ಪುವುದಿಲ್ಲ. ಎಮುವಿನ ಬಲ ಅದರ ಕಾಲುಗಳಲ್ಲಿದೆ. ಮೇವು ತೀರಿದ ಕಡೆಯಿಂದ ಅದು ನೂರಾರು ಕಿಲೋಮೀಟರ್ ನಡೆದು ಹೋಗುತ್ತದೆ, ನುಂಗಿದ ಹಣ್ಣಿನ ಬೀಜಗಳನ್ನು ದಾರಿಯುದ್ದಕ್ಕೂ ಹರಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೀಗೆ ಗೋಧಿ ಹೊಲಗಳತ್ತ ಬಂದ ಹಿಂಡುಗಳ ಮೇಲೆ 1932ರಲ್ಲಿ ಸೈನಿಕರು ಮಷೀನ್ ಗನ್ ಹಿಡಿದು ಹೋಗಿದ್ದರು. ಹಿಂಡುಗಳು ಚದುರಿ ಓಡಿದ್ದರಿಂದ ಆ ಕಾರ್ಯಾಚರಣೆ ವಿಫಲವಾಯಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಎಮುವಿನ ಹೆಣ್ಣು ಮತ್ತು ಕಾಂಗರೂವಿನ ಗಂಡು, ಇವೆರಡಕ್ಕೂ ಮರಿಗಳ ಜವಾಬ್ದಾರಿಯೇ ಇಲ್ಲವೇ?

ಉತ್ತರ 1

ಇಲ್ಲವೆಂದೇ ಹೇಳಬಹುದು. ಮೊಟ್ಟೆಯಿಟ್ಟ ಎಮು ಹೆಣ್ಣು ಬೇರೊಂದು ಗಂಡಿನ ಜೊತೆ ಸೇರುವುದುಂಟು. ಗಾತ್ರದಲ್ಲೂ ಅದು ಗಂಡಿಗಿಂತ ತುಸು ದೊಡ್ಡದು, ಕತ್ತಿನ ಗಾಳಿಚೀಲ ಉಬ್ಬಿಸಿ ದೂರಕ್ಕೆ ಕೇಳುವಂತೆ ಗುಮ್ಮೆಂದು ಸದ್ದು ಮಾಡುವುದೂ ಅದೇ. ಕೆಂಪು ಕಾಂಗರೂವಿನಲ್ಲಿ ಗಂಡು ಹೆಣ್ಣಿನ ಎರಡರಷ್ಟು ತೂಗಬಲ್ಲದು, ಹೆಣ್ಣಿಗಾಗಿ ಬೇರೆ ಗಂಡುಗಳೊಡನೆ ಕಾದಾಡುತ್ತದೆ, ಮರಿಯತ್ತ ತಿರುಗಿಯೂ ನೋಡುವುದಿಲ್ಲ. ಎರಡರ ಗಂಡು ಹೆಣ್ಣುಗಳ ಚಿತ್ರಗಳನ್ನು ಒಂದೇ ಅಳತೆಗೆ ಬರೆಯಿಸಿ ಅಕ್ಕಪಕ್ಕ ಇಟ್ಟರೆ ಮಕ್ಕಳೇ ಇದನ್ನು ಗುರುತಿಸುತ್ತಾರೆ.