ಯೋಹಾನ 10:10ರ "ಸಮೃದ್ಧಿ": ಫಸಲು ಹೋದವರಿಗೆ ಹೇಗೆ ಹೇಳೋದು?

ತೀರ್ಥಹಳ್ಳಿ ಮನೆಕೂಟ:
ಪ್ರೈಸ್ ದ ಲಾರ್ಡ್. ಬರೋ ಶುಕ್ರವಾರದ ಕೂಟಕ್ಕೆ ಬೈಬಲಿನ ಯೋಹಾನನ ಸುವಾರ್ತೆ 10:1-18 ಇದೆ. ಬರೋರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು, ಈ ಸಲ ಕೊಳೆರೋಗಕ್ಕೆ ಫಸಲು ಕಳಕೊಂಡವರೂ ಇದ್ದಾರೆ. 9ನೇ ವಚನದಲ್ಲಿ ಯೇಸು ತಾನೇ ಬಾಗಿಲು, ತನ್ನ ಮೂಲಕ ಒಳಗೆ ಬಂದವರಿಗೆ ರಕ್ಷಣೆ ಅಂತಾರೆ, 10ರಲ್ಲಿ ಕುರಿಗಳಿಗೆ ಜೀವ ಸಮೃದ್ಧಿಯಾಗಿ ಸಿಗಲಿ ಅಂತ ಬಂದೆ ಅಂತಾರೆ. ಇವರ ಮುಂದೆ ಹೇಗೆ ಬಿಡಿಸಿ ಹೇಳೋದು? ಮುಕ್ಕಾಲು ಗಂಟೆ ಸಮಯ.

ಸಾಗರದ ಬೋಧಕ:
10ನೇ ಅಧ್ಯಾಯದಿಂದ ಶುರು ಮಾಡಬೇಡಿ, ಹಿಂದಿನ ಅಧ್ಯಾಯದ 9:34ರಿಂದ ಓದಿಸಿ. ಅಧ್ಯಾಯಗಳ ಗಡಿ ಹಾಕಿದ್ದು 13ನೇ ಶತಮಾನದಲ್ಲಿ, ಮೂಲದಲ್ಲಿ ಮಾತು ಮುರಿಯೋದಿಲ್ಲ. ಹುಟ್ಟುಕುರುಡನಿಗೆ ಕಣ್ಣು ಬಂತು, ಯೆಹೂದಿ ಧರ್ಮಮುಖಂಡರಾದ ಫರಿಸಾಯರು ಅವನನ್ನ ಹೊರಗೆ ಹಾಕಿದರು, ಯೇಸು ಸ್ವಾಮಿ ಅವನನ್ನ ಹುಡುಕಿ ಕಂಡರು. ಆಮೇಲೇ ಕುರೀಹಟ್ಟಿಯ ಮಾತು. ಆಸರೆ ತಪ್ಪಿದವನ ಬೆನ್ನಿಗೇ ಬಂದ ಮಾತು ಅದು.

9ನೇ ವಚನದಲ್ಲಿ ಎಲ್ಲರೂ ಹಾರಿಸಿಬಿಡೋದು ಒಳಗೆ ಹೋಗೋದು, ಹೊರಗೆ ಬರೋದು, ಮೇವು ಸಿಗೋದು ಅನ್ನೋ ಭಾಗ. ಮಲೆನಾಡಲ್ಲಿ ಕುರಿ ಕಡಿಮೆ, ದನದ ಮೇಲೆ ಹೇಳಿ. ಸಂಜೆ ದಣಪೆ (ಬೇಲಿಯ ಗೇಟು) ದಾಟಿ ಕೊಟ್ಟಿಗೆಗೆ ಬರುತ್ತೆ, ಬೆಳಿಗ್ಗೆ ಅದೇ ದಣಪೆ ದಾಟಿ ಬ್ಯಾಣಕ್ಕೆ (ಮೇಯೋ ಹುಲ್ಲುಗಾವಲಿಗೆ) ಹೋಗುತ್ತೆ. ಹಗಲೂ ಕೊಟ್ಟಿಗೇಲೇ ಕೂಡಿದರೆ ಚಿರತೆ ಭಯ ಇಲ್ಲ, ಹಸಿರು ಮೇವೂ ಇಲ್ಲ. ಕ್ರಿಸ್ತನೇ ಬಾಗಿಲು ಅಂದಾಗ ಎರಡೂ ಸೇರಿದೆ. ಹೊರಗೆ ಹೋದಾಗ ಕುರುಬನೇ ಮುಂದೆ ನಡೀತಾನೆ (4ನೇ ವಚನ). ತೋಳ ಬರೋದೇ ಇಲ್ಲ ಅಂತ ಎಲ್ಲೂ ಇಲ್ಲ. 12ರಲ್ಲಿ ತೋಳ ಬರುತ್ತೆ, ಕೂಲಿಯಾಳು ಓಡ್ತಾನೆ. ಒಳ್ಳೇ ಕುರುಬ ಪ್ರಾಣ ಕೊಡ್ತಾನೆ.

ಭದ್ರಾವತಿ ಸಭೆಯ ಹಿರಿಯ:
ಎಡವೋದು 10ನೇ ವಚನದಲ್ಲೇ. ಅದೊಂದನ್ನೇ ಕಿತ್ತುಕೊಂಡು "ನಂಬಿದರೆ ಸಾಲ ತೀರುತ್ತೆ" ಅನ್ನೋರು ಬಹಳ. ಪಕ್ಕದಲ್ಲೇ ಲೂಕ 12:15 ಓದಿಸಿ: ಆಸ್ತಿ ಎಷ್ಟಿದ್ದರೂ ಅದರಿಂದ ಜೀವ ಆಗೋದಿಲ್ಲ ಅಂದವರು ಯೇಸುವೇ. ಆ ಜೀವ ಏನು ಅನ್ನೋದಕ್ಕೆ ಯೋಹಾನ 17:3 ಸಾಕು, ತಂದೆಯನ್ನೂ ಕ್ರಿಸ್ತನನ್ನೂ ಅರಿಯೋದು. ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 4:12 ಬರೆದದ್ದು ಬೇಡಿಯಲ್ಲಿದ್ದಾಗ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಬಾಳೋದನ್ನ ಕಲಿತಿದ್ದ.

ಇನ್ನೊಂದು, "ನಿಮ್ಮ ನಂಬಿಕೆ ಸಾಲದು" ಅನ್ನೋ ಮಾತು ಯಾರ ಬಾಯಿಂದಲೂ ಬರದಂಗೆ ನೋಡ್ಕೊಳ್ಳಿ. ಗಾಯವಾದ ಕುರಿಗೆ ಕಟ್ಟು ಕಟ್ಟಲಿಲ್ಲ ಅಂತಲೇ ಯೆಹೆಜ್ಕೇಲ 34:4ರಲ್ಲಿ ದೇವರು ಕುರುಬರನ್ನ, ಅಂದರೆ ಜನರ ಮುಖಂಡರನ್ನ, ತರಾಟೆಗೆ ತಗೊಳ್ಳೋದು.

ತೀರ್ಥಹಳ್ಳಿ ಮನೆಕೂಟ:
ತುಂಬಾ ಉಪಕಾರ. ತೋಟಕ್ಕೆ ಪ್ರಾರ್ಥನೆ ಮಾಡಿ ಅಂತ ಕೇಳೇ ಕೇಳ್ತಾರೆ. ಆಗ?

ಸಾಗರದ ಬೋಧಕ:
ಮಾಡಿ. ಒಬ್ಬೊಬ್ಬರ ಹೆಸರು ಹಿಡಿದೇ ಮಾಡಿ, 3ನೇ ವಚನದಲ್ಲಿ ಕುರುಬ ಕರೆಯೋದೂ ಹೆಸರಿಂದಲೇ. ಆದರೆ ಪ್ರಾರ್ಥನೆ ಆಯ್ತು ಅಂತ ಔಷಧಿ ಹೊಡೆಯೋದನ್ನ ಯಾರೂ ಬಿಡಬಾರದು. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯೋ ಮೊದಲು ಒಂದು ಸಲ, 40-45 ದಿನಕ್ಕೆ ಇನ್ನೊಂದು. ಆ ಬುದ್ಧಿ ಕೊಟ್ಟವನೂ ದೇವರೇ.

ಓದೋದಕ್ಕೆ 10 ನಿಮಿಷ, 9ನೇ ವಚನಕ್ಕೆ 15, 10ಕ್ಕೆ 10, ಉಳಿದದ್ದು ಪ್ರಾರ್ಥನೆಗೆ.

ಭದ್ರಾವತಿ ಸಭೆಯ ಹಿರಿಯ:
ಸೊಸೈಟಿ ಸಾಲದ ಕಂತು ಯಾರಿಗೆ ಕಟ್ಟೋಕಾಗ್ತಿಲ್ಲ ಅಂತ ಕೂಟದಲ್ಲಿ ಎಲ್ಲರೆದುರು ಕೇಳಬೇಡಿ. ಅದೇ ವಾರ ಹಿರಿಯರಿಬ್ಬರು ಮನೆಗೆ ಹೋಗಿ ಕೇಳಲಿ.