ವಿಆರ್‌ಗೆ ಯಾವ ಪಿಸಿ, ಯಾವ ಹೆಡ್‌ಸೆಟ್? ಅನುಭವ ಇರೋರು ಹೇಳಿ

ಸೋಡಾಬುಡ್ಡಿ: ಎಲ್ರಿಗೂ ನಮಸ್ಕಾರ. ರೇಸಿಂಗ್ ಸಿಮ್ (ನಿಜವಾದ ಕಾರ್ ಓಡಿಸಿದ ಥರದ ಸಿಮ್ಯುಲೇಟರ್ ಗೇಮು) ಆಡೋಕೆ ವಿಆರ್, ಅಂದ್ರೆ ಕಣ್ಣಿಗೆ ಹಾಕ್ಕೊಳ್ಳೋ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ತಗೋಬೇಕು ಅಂತಿದೀನಿ. ಈಗಿರೋದು ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನ ಲ್ಯಾಪ್‌ಟಾಪು, ಕಾರ್ಡಿನ ಮೆಮೊರಿ 8 ಜಿಬಿ. ಮೆಟಾದ ಕ್ವೆಸ್ಟ್ 3 ಹೆಡ್‌ಸೆಟ್ ತಗೊಂಡು ಇದ್ರಲ್ಲೇ ಓಡಿಸ್ಲಾ, ಇಲ್ಲ ಇದನ್ನ ಮಾರಿ ಡೆಸ್ಕ್‌ಟಾಪ್ ಕಟ್ಟಿಸ್ಲಾ? ಕನ್ನಡಕ ಹಾಕ್ತೀನಿ, ರೂಮು ಚಿಕ್ಕದು.

ಲೈಟ್‌ಹೌಸ್_ಲಿಂಗ: ಲ್ಯಾಪ್‌ಟಾಪ್ ಸಾವಾಸನೇ ಬೇಡ. ನಂದು ಡಿಸ್‌ಪ್ಲೇಪೋರ್ಟ್ ಕೇಬಲ್ಲಿನ ವಾಲ್ವ್ ಇಂಡೆಕ್ಸ್ ಹೆಡ್‌ಸೆಟ್ಟು, ಹೌದು 2019ರದ್ದು, ಒಂದೊಂದು ಕಣ್ಣಿಗೆ 1440×1600 ಪಿಕ್ಸೆಲ್ ಅಷ್ಟೇ, ಗೊತ್ತು, ಯಾರೂ ಬಂದು ಪಾಠ ಮಾಡ್ಬೇಡಿ. ಮೊದ್ಲು ಲ್ಯಾಪ್‌ಟಾಪಿಗೆ ಹಾಕಕ್ಕೆ ಹೋದ್ರೆ ಅದರ ಟೈಪ್-ಸಿ ಪೋರ್ಟು ಗ್ರಾಫಿಕ್ಸ್ ಕಾರ್ಡಿಗೇ ಸೇರಿಲ್ಲ, ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸಿಗೆ ಸೇರಿದೆ, ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಕನ್ವರ್ಟರ್ ತಂದೆ, ಆಗ್ಲಿಲ್ಲ, ಅದಕ್ಕಿಂತ ದುಬಾರಿದು ತಂದೆ, ಅದೂ ದಂಡ. ಸರಿ ಅಂತ ಡೆಸ್ಕ್‌ಟಾಪಿಗೆ ಕೈ ಹಾಕ್ದೆ. ಕಾರ್ಡ್ ತಂದ್ರೆ ಪವರ್ ಸಪ್ಲೈ ಸಾಲ್ದು, ಅದನ್ನ ಬದಲಾಯ್ಸಿದ್ರೆ ಕಾರ್ಡು ಕ್ಯಾಬಿನೆಟ್ ಒಳಗೆ ಹಿಡೀವಲ್ದು, ಅದೂ ಹೊಸದೇ ಬಂತು. ಹೆಡ್‌ಸೆಟ್ಟು, ಕೈ ಎಲ್ಲಿದೆ ಅಂತ ಲೇಸರ್‌ನಿಂದ ಗುರುತಿಸೋಕೆ ಇರೋ ಬೇಸ್ ಸ್ಟೇಷನ್ ಡಬ್ಬಿ ಗೋಡೆಗೆ ಹೊಡ್ದೆ, ಗೇಮಲ್ಲಿ ನನ್ ಕೈ ಗಡಗಡ ನಡುಗ್ತಿದೆ, ನೋಡಿದ್ರೆ ಬೀರು ಕನ್ನಡಿಗೆ ಲೇಸರ್ ಬಡಿದು ವಾಪಸ್ ಬರ್ತಿದೆ. ಈಗ್ಲೂ ಆಡೋ ಮುಂಚೆ ಕನ್ನಡಿಗೆ ಬೆಡ್‌ಶೀಟ್ ಹೊದಿಸ್ತೀನಿ. ಆದ್ರೂ ನನಗೆ ಪಿಸಿಯಿಂದ ಬರೋದು ನೇರ ಚಿತ್ರ, ಕ್ವೆಸ್ಟ್ ಥರ ಕಂಪ್ರೆಸ್ ಮಾಡಿದ ವಿಡಿಯೋ ಅಲ್ಲ.

ತಂತಿಬೇಡಪ್ಪ: ಬಂತಪ್ಪ ಕಂಪ್ರೆಸ್ ಪುರಾಣ. ನಿಮ್ ಫ್ರೆನೆಲ್ (ಉಂಗುರ ಉಂಗುರವಾಗಿ ಗೆರೆ ಇರೋ) ಲೆನ್ಸಲ್ಲಿ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬಂದ್ರೆ ಸುತ್ತ ಬೆಳಕಿನ ಗೀರು ಏಳುತ್ತಲ್ಲ, ಅದರ ಬಗ್ಗೆ ಯಾಕ್ ಮಾತಿಲ್ಲ? ಕ್ವೆಸ್ಟ್ 3 ಕಣ್ಣಿಗೆ 2064×2208, ತೆಳ್ಳಗಿನ ಪ್ಯಾನ್‌ಕೇಕ್ ಲೆನ್ಸು, ಅಂಚಿನ ತನಕ ಓದಬಹುದು. ಖರ್ಚು ನನಗೂ ಆಗಿದೆ. ವೈರ್ ಇಲ್ದೆ ವೈ-ಫೈಲಿ ಆಡೋಕೆ ಹೊಸ ರೌಟರ್ ತಂದೆ, ಆದ್ರೂ ಪ್ರತಿ ತಿರುವಲ್ಲೂ ತಡವರಿಸೋದು. ಪಿಸಿಯಿಂದ ರೌಟರಿಗೆ ಲ್ಯಾನ್ ವೈರ್ ಎಳೆದು, 5 ಗಿಗಾಹರ್ಟ್ಸನ್ನ ಹೆಡ್‌ಸೆಟ್ಟಿಗೆ ಮಾತ್ರ ಬಿಟ್ಟು, ಮನೆಯವ್ರ ಫೋನೆಲ್ಲ 2.4ಕ್ಕೆ ತಳ್ಳಿದ ಮೇಲೆ ಬೆಣ್ಣೆ ಥರ ಓಡ್ತಿದೆ (ಮನೆಯವ್ರು ಇನ್ನೂ ಬೈತಿದಾರೆ, ಅದು ಬೇರೆ ವಿಷ್ಯ). ಆಮೇಲೆ ಸ್ಟ್ರಾಪು. ಡಬ್ಬಿ ಜೊತೆ ಬರೋ ಬಟ್ಟೆ ಪಟ್ಟಿ ಕೆನ್ನೆ ಮೂಳೆ ಒತ್ತುತ್ತೆ, ಹಿಂದೆ ಬ್ಯಾಟರಿ ಇರೋ ಪಟ್ಟಿ ಹಾಕ್ಕೊಂಡೆ, ತೂಕಾನೂ ಸರಿಹೋಯ್ತು, ಚಾರ್ಜೂ ಜಾಸ್ತಿ ಹೊತ್ತು ಬರುತ್ತೆ.

ಹನ್ನೆರಡು_ಜಿಬಿ: ಲೆನ್ಸ್ ಕಥೆ ಆಮೇಲೆ, ಮೊದ್ಲು ವಿ-ರ್ಯಾಮ್, ಅಂದ್ರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ನೋಡ್ರೋ. 90 ಹರ್ಟ್ಸಲ್ಲಿ (ಸೆಕೆಂಡಿಗೆ 90 ಚಿತ್ರ) ಒಂದ್ ಫ್ರೇಮಿಗೆ ಸಿಗೋದೇ 11 ಮಿಲಿಸೆಕೆಂಡು, ಅದೂ ಎರಡು ಕಣ್ಣಿಗೆ, ಲೆನ್ಸಿನ ಡೊಂಕು ಸರಿಮಾಡಕ್ಕೆ ಪ್ಯಾನೆಲ್‌ಗಿಂತ ಜಾಸ್ತಿ ಪಿಕ್ಸೆಲ್ ರೆಂಡರ್ ಆಗ್ತಾವೆ. ಸಿಮ್‌ನಲ್ಲಿ ಮಳೆ ಬಂದು ಇಪ್ಪತ್ತು ಕಾರು ಒಟ್ಟಿಗೆ ಕಾಣಿಸ್ಕೊಂಡ್ರೆ 8 ಜಿಬಿ ಢಮಾರ್. ನಾನು ಬೇಕಂತ್ಲೇ 4060 ಬಿಟ್ಟು ಸೆಕೆಂಡ್ ಹ್ಯಾಂಡ್ 3060, 12 ಜಿಬಿದು ತಗೊಂಡೆ, ಎಲ್ರೂ ನಕ್ಕರು, ನಗ್ಲಿ.

ತಂತಿಬೇಡಪ್ಪ: ನಗದೇ ಇನ್ನೇನ್ ಗುರು, ಕ್ವೆಸ್ಟಿಗೆ ವಿಡಿಯೋ ಕಂಪ್ರೆಸ್ ಮಾಡಿ ಕಳಿಸೋ ಹೊಸ ವಿಧಾನ ಎವಿ1, 3060ಗೆ ಅದರ ಎನ್‌ಕೋಡೇ ಬರಲ್ಲ. ಮಳೇಲಿ ಗೇಮ್ ಸೆಟ್ಟಿಂಗಲ್ಲಿ ನೆರಳು ಕಮ್ಮಿ ಮಾಡಿದ್ರೆ 8 ಸಾಕು.

ಹನ್ನೆರಡು_ಜಿಬಿ: ಅದೇ ಕೆಲಸಕ್ಕೆ ಎಚ್‌ಇವಿಸಿ ಅಂತ ಒಂದಿದೆ, ಕೇಳಿದೀರಾ ಸ್ವಾಮಿ? ನೆರಳು ಕಮ್ಮಿ ಮಾಡಿ ಆಡೋದಾದ್ರೆ ಮಾನಿಟರಲ್ಲೇ ಆಡಿ.

ಸೋಡಾಬುಡ್ಡಿ: ಸಾರ್, ಕನ್ನಡಕದ್ದು ಯಾರಾದ್ರೂ ಹೇಳಿ ಪ್ಲೀಸ್.

ಮೆಲ್ಲಗೆ_ಮಂಜು: ಕನ್ನಡಕ ಒಳಗೆ ಹಾಕ್ಬೇಡಿ, ಹೆಡ್‌ಸೆಟ್ ಲೆನ್ಸಿಗೆ ಗೀರು ಬಿದ್ರೆ ಹೋಗಲ್ಲ. ನಿಮ್ ನಂಬರಿಗೆ ಹೆಡ್‌ಸೆಟ್ ಒಳಗೇ ಸಿಕ್ಕಿಸೋ ಇನ್ಸರ್ಟ್ ಲೆನ್ಸ್ ಮಾಡಿಸಿ. ಬಿಸಿಲು ಬೀಳೋ ಕಡೆ ಮಾತ್ರ ಹೆಡ್‌ಸೆಟ್ ಇಡ್ಬೇಡಿ, ಲೆನ್ಸ್ ಭೂತಗನ್ನಡಿ ಥರ ಒಳಗಿನ ಪರದೆ ಸುಡುತ್ತೆ. ಸೆಕೆಂಡ್ ಹ್ಯಾಂಡಲ್ಲಿ ಹಳೇ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್ಟು ಅಗ್ಗಕ್ಕೆ ಸಿಗ್ತು ಅಂತ ಬೀಳ್ಬೇಡಿ, ವಿಂಡೋಸ್ 11 24ಎಚ್2 ಅಪ್‌ಡೇಟಲ್ಲಿ ಅದಕ್ಕಿದ್ದ ಸಪೋರ್ಟೇ ತೆಗೆದಿದಾರೆ. ನೀವು ಕೂತು ಆಡೋರು, ಚಿಕ್ಕ ರೂಮು ಸಾಕು, ಕೇಬಲ್ಲೂ ಕಾಲಿಗೆ ಸಿಗಲ್ಲ.

ಲೈಟ್‌ಹೌಸ್_ಲಿಂಗ: ಅದೇ ನಾನೂ ಹೇಳಿದ್ದು, ಕೂತು ಆಡೋರಿಗೆ ವೈರ್‌ಲೆಸ್ ಯಾಕೆ?

ತಂತಿಬೇಡಪ್ಪ: ನೀವು ಹೇಳಿದ್ದು ಬೀರು ಕನ್ನಡಿ ಕಥೆ. ಟೈಪ್-ಸಿ ಕೇಬಲ್ ಹಾಕಿದ್ರೆ ಕ್ವೆಸ್ಟ್ 3 ಅವ್ರ ಲ್ಯಾಪ್‌ಟಾಪಲ್ಲೇ ಓಡುತ್ತೆ, ಅದಕ್ಕೆ ಡಿಸ್‌ಪ್ಲೇಪೋರ್ಟೂ ಬೇಡ, ಬೆಡ್‌ಶೀಟೂ ಬೇಡ.

ಹನ್ನೆರಡು_ಜಿಬಿ: ಓಡುತ್ತೆ, 8 ಜಿಬಿ ತುಂಬೋ ತನಕ.