ಮುಚ್ಚಿಟ್ಟ ಲ್ಯಾಪ್‌ಟಾಪ್ ಬಿಸಿ, ಬ್ಯಾಟರಿ ಖಾಲಿ, ತೆರೆದರೆ ಪಾಸ್‌ವರ್ಡೂ ಕೇಳಲ್ಲ

ಖಾಲಿಬ್ಯಾಟರಿ:
ವಿಂಡೋಸ್ 11 ಪ್ರೊ, 16 ಜಿಬಿ ರ‍್ಯಾಮ್. ರಾತ್ರಿ 80% ಇದ್ದಾಗ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದರೆ ಬೆಳಿಗ್ಗೆ 35%. ಬ್ಯಾಗಿನೊಳಗೇ ಫ್ಯಾನ್ ಓಡುತ್ತಿರುತ್ತೆ. ಮುಚ್ಚಳ ತೆಗೆದರೆ ಪಾಸ್‌ವರ್ಡ್ ಇಲ್ಲದೆ ನೇರ ಡೆಸ್ಕ್‌ಟಾಪ್. ಬ್ಯಾಟರಿ ಬದಲಿಸಬೇಕಾ?

ಪ್ಲಗ್‌ಪಾಯಿಂಟ್:
ಬೇಡ, ದುಡ್ಡು ದಂಡ. ಫ್ಯಾನ್ ಓಡುತ್ತಿದೆ ಅಂದರೆ ಯಂತ್ರ ಮಲಗೇ ಇಲ್ಲ. ಟರ್ಮಿನಲನ್ನು ಅಡ್ಮಿನ್ ಆಗಿ ತೆರೆದು ‘ಪವರ್‌ಸಿಎಫ್‌ಜಿ /ಎ’ ಕೊಡಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ). ನಿಮ್ಮ ಯಂತ್ರಕ್ಕೆ ಯಾವ ಬಗೆಯ ನಿದ್ದೆ ಇದೆ ಅಂತ ತೋರಿಸುತ್ತೆ. ಎಸ್3 ಇದ್ದರೆ ಹಳೇ ಕಾಲದ ನಿದ್ದೆ, ಹೆಚ್ಚುಕಮ್ಮಿ ರ‍್ಯಾಮ್‌ಗೆ ಮಾತ್ರ ಕರೆಂಟು. ‘ಎಸ್0 ಲೋ ಪವರ್ ಐಡಲ್’ ಇದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈ: ಫೋನಿನ ಹಾಗೆ ಸ್ಕ್ರೀನ್ ಆರಿಸಿಕೊಂಡು ಕೋಳಿನಿದ್ದೆ. ಒಂದು ಡ್ರೈವರ್ ಹಟ ಹಿಡಿದರೂ ಸಾಕು, ಪ್ರೊಸೆಸರ್ ಆಳಕ್ಕೆ ಇಳಿಯಲ್ಲ. ಯಾವುದು ಅಂತ ನೋಡಬೇಕಿದ್ದರೆ ‘/ಸ್ಲೀಪ್‌ಸ್ಟಡಿ’ ವರದಿ ತೆಗೆಯಿರಿ.

ಖಾಲಿಬ್ಯಾಟರಿ:
ಎಸ್0. ಎಸ್3 ಎದುರು ‘ಫರ್ಮ್‌ವೇರ್ ಬೆಂಬಲಿಸಲ್ಲ’ ಅಂತಿದೆ. ಹೈಬರ್ನೇಟ್ ಆಫ್ ಆಗಿದೆ.

ರಿಜಿಸ್ಟ್ರಿರಿಪೇರಿ:
ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ‘ಪ್ಲಾಟ್‌ಫಾರ್ಮ್ ಎಒಎಸಿ ಓವರ್‌ರೈಡ್’ 0 ಮಾಡಿ, ಎಸ್3 ಬರುತ್ತೆ.

ಪ್ಲಗ್‌ಪಾಯಿಂಟ್:
ಯಂತ್ರದೊಳಗೇ ಕೂರಿಸಿರುವ ಫರ್ಮ್‌ವೇರ್‌ನಲ್ಲೇ ಇಲ್ಲದ್ದು ರಿಜಿಸ್ಟ್ರಿಯಿಂದ ಎಲ್ಲಿಂದ ಬರಬೇಕು? ಹಾಗೆ ಮಾಡಿದರೆ ಎಸ್0 ಕೂಡ ಹೋಗಿ ಮೆನುವಿನಿಂದ ಸ್ಲೀಪೇ ಮಾಯ.

ನಿಮಗೆ ಬೇಕಿರುವುದು ಹೈಬರ್ನೇಟ್: ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತೆ. ‘ಪವರ್‌ಸಿಎಫ್‌ಜಿ /ಹೈಬರ್ನೇಟ್ ಆನ್’ ಕೊಡಿ. ಸಿ ಡ್ರೈವಿನಲ್ಲಿ ರ‍್ಯಾಮ್‌ನ ಸುಮಾರು 40%, ಅಂದರೆ 6.4 ಜಿಬಿಯಷ್ಟು ಜಾಗ ಹೋಗುತ್ತೆ. ಆಮೇಲೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್’. ಅಲ್ಲಿ ಬ್ಯಾಟರಿ, ಚಾರ್ಜರ್ ಎರಡೂ ಕಾಲಂಗೆ ಹೈಬರ್ನೇಟ್ ಆರಿಸಿ. ತುಂಬಾ ಜನ ಬ್ಯಾಟರಿ ಕಾಲಂ ಮಾತ್ರ ಬದಲಿಸಿ ಮೋಸ ಹೋಗುತ್ತಾರೆ: ಮುಚ್ಚಳ ಮುಚ್ಚುವ ಹೊತ್ತಿಗೆ ವೈರ್ ಇದ್ದರೆ ಚಾರ್ಜರ್ ಕಾಲಂ ಹೇಳಿದ್ದೇ ನಡೆಯುತ್ತೆ, ಆಮೇಲೆ ವೈರ್ ಕಿತ್ತು ಬ್ಯಾಗಿಗೆ ಹಾಕಿದರೂ ಅದು ಸ್ಲೀಪಲ್ಲೇ ಇರುತ್ತೆ.

ಪಾಸ್‌ವರ್ಡಿಗೆ: ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್. ‘ಇಫ್ ಯು ಹ್ಯಾವ್ ಬೀನ್ ಅವೇ’ ಎದುರು ನಿಮ್ಮದು ‘ನೆವರ್’ ಇರಬೇಕು. ‘ಎವ್ರಿ ಟೈಮ್’ ಮಾಡಿ.

ಖಾಲಿಬ್ಯಾಟರಿ:
ಆಯ್ತು. ರಾತ್ರಿ 80%, ಬೆಳಿಗ್ಗೆ 79%. ಪಾಸ್‌ವರ್ಡೂ ಕೇಳ್ತು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಆನ್ ಇದೆ, ಕಳುವಾದರೂ ಭಯ ಇಲ್ಲ ತಾನೇ?

ಬೀಗದಕೈ:
ಸ್ಲೀಪಿನಲ್ಲಿದ್ದಾಗ ಡಿಸ್ಕಿನ ಬೀಗದ ಕೀ ರ‍್ಯಾಮ್‌ನಲ್ಲೇ ಕೂತಿರುತ್ತೆ. ಹೈಬರ್ನೇಟ್ ಆದರೆ ರ‍್ಯಾಮ್‌ಗೆ ಕರೆಂಟೇ ಇಲ್ಲ, ಅದರಲ್ಲಿದ್ದದ್ದು ಎನ್‌ಕ್ರಿಪ್ಟ್ ಆದ ಡಿಸ್ಕ್ ಸೇರಿರುತ್ತೆ. ಹಾಗಾಗಿ ಮೊದಲಿಗಿಂತ ಎಷ್ಟೋ ವಾಸಿ. ಆದರೆ ಆ ಕೀ ಕಾಯುವ ಚಿಪ್ಪು ಟಿಪಿಎಂ ಒಂದೇ ಇದ್ದರೆ ಆನ್ ಮಾಡಿದ ತಕ್ಷಣ ಡಿಸ್ಕ್ ತಾನೇ ತೆರೆದುಕೊಳ್ಳುತ್ತೆ, ಮಿಕ್ಕ ಕಾವಲು ವಿಂಡೋಸ್ ಪಾಸ್‌ವರ್ಡಿನದು ಮಾತ್ರ. ಪ್ರೊ ಇರುವುದರಿಂದ ಗ್ರೂಪ್ ಪಾಲಿಸಿಯಲ್ಲಿ ‘ರಿಕ್ವೈರ್ ಅಡಿಷನಲ್ ಅಥೆಂಟಿಕೇಷನ್ ಅಟ್ ಸ್ಟಾರ್ಟಪ್’ ಎನೇಬಲ್ ಮಾಡಿ, ಬಿಟ್‌ಲಾಕರ್‌ಗೆ ಪಿನ್ ಸೇರಿಸಬಹುದು. ಕನಿಷ್ಠ 6 ಅಂಕಿ. ಲ್ಯಾಪ್‌ಟಾಪಿನ ಕೀಬೋರ್ಡಲ್ಲೇ ಹೊಡೆಯಬೇಕು, ಆ ಹಂತದಲ್ಲಿ ಬ್ಲೂಟೂತ್ ಕೀಬೋರ್ಡನ್ನು ನಂಬಬೇಡಿ.

ಅದಕ್ಕೂ ಮುಂಚೆ 48 ಅಂಕಿಯ ರಿಕವರಿ ಕೀ ಪ್ರಿಂಟ್ ತೆಗೆದು ಬೇರೆ ಕಡೆ ಇಡಿ, ಅದೇ ಬ್ಯಾಗಿನಲ್ಲಲ್ಲ. ಬಯೋಸ್ ಅಪ್‌ಡೇಟ್ ಹಾಕುವ ದಿನ ಬಿಟ್‌ಲಾಕರನ್ನು ‘ಸಸ್ಪೆಂಡ್’ ಮಾಡಿಕೊಳ್ಳಿ. ಇಲ್ಲದಿದ್ದರೆ ಟಿಪಿಎಂಗೆ ಅನುಮಾನ ಬಂದು ನೀಲಿ ಪರದೆ ಆ 48 ಅಂಕಿಯನ್ನೇ ಕೇಳಬಹುದು.